ಸಂಪಾದಕರ ಉತ್ತರ: ಊರಿನ ಹೆಸರು, ಊರಿನ ನೆಲ

ಮಾನ್ಯರೇ,

ಮೈಸೂರಿನ ಅಂಚಿನ ಹಿನಕಲ್‌ನಿಂದ ತಾವು ಬರೆದ ಪತ್ರ ತಲುಪಿದೆ. ನನ್ನೇಶ್ವರ ದೇವಾಲಯವಿರುವ ತಮ್ಮ ಹಳೆಯ ಊರು ವರ್ತುಲ ರಸ್ತೆ, ಮೇಲ್ಸೇತುವೆ, ಬಡಾವಣೆಗಳ ನಡುವೆ ಸಿಕ್ಕಿಕೊಂಡಿದೆಯೆಂದೂ, 2020ರಲ್ಲಿ ಹೂಟಗಳ್ಳಿ ನಗರಸಭೆಗೆ ಸೇರಿದ ಮೇಲೆ ಅದರ ಹೆಸರೂ ಅಳಿದುಹೋದೀತೆಂದೂ ಆತಂಕಪಟ್ಟು, ಊರ ಬಾಗಿಲಲ್ಲಿ ಇತಿಹಾಸ ಸಾರುವ ಫಲಕ ಹಾಕಿಸಲು ಪತ್ರಿಕೆ ಒತ್ತಾಯಿಸಬೇಕೆಂದು ಕೇಳಿದ್ದೀರಿ.

ಫಲಕ ಬೇಡವೆನ್ನುವುದಿಲ್ಲ. ಆದರೆ ಹೆಸರಿನ ಬಗ್ಗೆ ಅಷ್ಟು ಅಂಜಬೇಕಾಗಿಲ್ಲ. 1903ರಲ್ಲಿ ನಗರಾಭಿವೃದ್ಧಿಯ ಹೊಣೆ ಹೊತ್ತ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾದಂದಿನಿಂದ ಮೈಸೂರು ಸುತ್ತಲಿನ ಹಳ್ಳಿಗಳನ್ನು ಒಳಗೆ ಸೇರಿಸಿಕೊಳ್ಳುತ್ತಲೇ ಬಂದಿದ್ದರೂ ಒಂಟಿಕೊಪ್ಪಲು ಇಂದಿಗೂ ಒಂಟಿಕೊಪ್ಪಲೇ. ಪಡುವಾರಹಳ್ಳಿಗೆ ವಿನಾಯಕನಗರವೆಂದು ಹೆಸರಿಟ್ಟರೂ ಜನರ ಬಾಯಲ್ಲಿ ಅದು ಪಡುವಾರಹಳ್ಳಿಯೇ. ಹೆಸರನ್ನು ಜನ ಕಾಯುತ್ತಾರೆ. ಕಾಯುವವರಿಲ್ಲದೆ ಹೋಗುವುದು ಯಾರ ಖಾತೆಯಲ್ಲೂ ಇಲ್ಲದ ನೆಲ: ಕೆರೆಯಂಗಳ, ಗುಂಡುತೋಪು, ಹಳ್ಳ, ಬಂಡಿದಾರಿ, ಸ್ಮಶಾನ.

ತಮ್ಮ ಪತ್ರದಲ್ಲಿ ಬಾರದ ಸಂಗತಿಯೊಂದಿದೆ. ಗ್ರಾಮ ಪಂಚಾಯಿತಿ ಇದ್ದಾಗ ಗ್ರಾಮಸಭೆ ಇತ್ತು. ಅದು ಎಷ್ಟೇ ಹೆಸರಿಗಷ್ಟೇ ನಡೆದರೂ, ತೋಪಿನಲ್ಲಿ ಬೇಲಿ ಹಾಕಿದವರು ಯಾರೆಂದು ಎದ್ದು ನಿಂತು ಕೇಳಲು ಕಾನೂನು ಕೊಟ್ಟ ಜಾಗ ಅದಾಗಿತ್ತು. ನಗರಸಭೆಯಾದೊಡನೆ ಗ್ರಾಮಸಭೆ ಇಲ್ಲವಾಗುತ್ತದೆ. ಅದರ ಸ್ಥಾನ ತುಂಬಬಹುದಾದ ವಾರ್ಡ್ ಸಮಿತಿಯನ್ನು ಸಂವಿಧಾನವು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಿಗೆ ಮಾತ್ರ ಕಡ್ಡಾಯ ಮಾಡಿದೆ. ಪಂಚಾಯಿತಿಯನ್ನು ಕಳೆದುಕೊಂಡು ಮಹಾನಗರವನ್ನೂ ಸೇರದ ಊರಿನವರು ನಡುವೆ ಬಾಯಿಲ್ಲದವರಾಗುವುದು ಹೀಗೆ.

ತಮ್ಮದೇ ಹುಣಸೂರು ರಸ್ತೆಯಲ್ಲಿ ಮುಂದೆ ಸಿಗುವ ಇಲವಾಲದಲ್ಲಿ 1957ರ ಸೆಪ್ಟೆಂಬರ್‌ನಲ್ಲಿ ವಿನೋಬಾ ಭಾವೆಯವರ ಸಮ್ಮುಖದಲ್ಲಿ ಗ್ರಾಮದಾನ ಸಮ್ಮೇಳನ ನಡೆದು, ಪ್ರಧಾನಿ ನೆಹರೂ ಸೇರಿದಂತೆ ಹಲವು ಪಕ್ಷಗಳ ನಾಯಕರು ಭೂಮಿಯ ಒಡೆತನವನ್ನು ಇಡೀ ಗ್ರಾಮಕ್ಕೆ ಒಪ್ಪಿಸುವ ವಿಚಾರವನ್ನು ಚರ್ಚಿಸಿದ್ದರು. ಈಗ ಆ ದಾರಿಯುದ್ದಕ್ಕೂ ಫಲಕಗಳಿಗೇನೂ ಕೊರತೆಯಿಲ್ಲ. ಎಲ್ಲವೂ ನಿವೇಶನ ಮಾರಾಟದವು.

ಆದ್ದರಿಂದ ನಮ್ಮ ಸಲಹೆ ಬೇರೆ. ಭೂದಾಖಲೆಗಳ ಇಲಾಖೆಯಿಂದ ಊರಿನ ಗ್ರಾಮನಕ್ಷೆಯನ್ನೂ, ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ತೋರಿಸುವ ದಾಖಲೆಯಾದ ಆಕಾರ್‌ಬಂದನ್ನೂ ಪಡೆಯಿರಿ. ಸಾರ್ವಜನಿಕ ಬಳಕೆಯ ಜಾಗ ಅದರಲ್ಲಿ ಬಿ ಖರಾಬು ಎಂದು ಸರ್ವೆ ನಂಬರ್‌ವಾರು ನಮೂದಾಗಿರುತ್ತದೆ. ಹಿರಿಯರನ್ನು ಜೊತೆಗೆ ಕರೆದುಕೊಂಡು ನಕ್ಷೆ ಹಿಡಿದು ಒಮ್ಮೆ ಎಲ್ಲೆ ಸುತ್ತಿ ಬನ್ನಿ. ಹಳ್ಳದ ಗೆರೆಯ ಮೇಲೆ ಯಾರದಾದರೂ ಕಾಂಪೌಂಡ್ ಎದ್ದಿದ್ದರೆ ಸರ್ವೆ ನಂಬರ್ ಸಹಿತ ನಗರಸಭೆಗೂ ತಹಶೀಲ್ದಾರರಿಗೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒತ್ತುವರಿ ತೆರವಿಗೆ ಅಳತೆ ಮಾಡಿಸುವಂತೆ ಅದರಲ್ಲಿ ಸ್ಪಷ್ಟವಾಗಿ ಕೇಳಿರಿ. ಆ ಅರ್ಜಿಯ ಪ್ರತಿಯನ್ನು ನಮಗೂ ಕಳುಹಿಸಿದರೆ ಬಂದ ಉತ್ತರದೊಂದಿಗೆ, ಉತ್ತರ ಬಾರದಿದ್ದರೆ ಅದನ್ನೂ ನಮೂದಿಸಿ, ಪ್ರಕಟಿಸುತ್ತೇವೆ.

— ಸಂಪಾದಕ