ರೌಟರಿನಲ್ಲಿ ಡಿನಯಲ್ ಆಫ್ ಸರ್ವಿಸ್ ದೋಷ: ಮಹಾಸಭೆ ಮುಗಿಯುವ ತನಕ ಕಾಯಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಉಡುಪಿಯಲ್ಲಿ ಮುಖ್ಯ ಕಚೇರಿ, ಕುಂದಾಪುರ, ಕಾರ್ಕಳ, ಮುಲ್ಕಿ ಸೇರಿ 9 ಶಾಖೆಗಳಿರುವ ಸಹಕಾರಿ ಸಂಘ. ರೌಟರ್ ಕಂಪನಿಯಿಂದ ‘ಡಿನಯಲ್ ಆಫ್ ಸರ್ವಿಸ್ ದೋಷ, ಅಂಕ 8.6’ (ಹೊರಗಿನವರು ಸಾಧನವನ್ನು ಬೀಳಿಸಿ ಸೇವೆ ನಿಲ್ಲಿಸಬಹುದಾದ ದೋಷ) ಎಂದು ಮೇಲ್ ಬಂದಿದೆ. ಕಳೆದ ವಾರ ಮುಖ್ಯ ಕಚೇರಿಯ ರೌಟರ್ ಎರಡು ಸಲ ತಾನಾಗಿ ರೀಸ್ಟಾರ್ಟ್ ಆಗಿದೆ. ಡೇಟಾ ಕಳವಾಗುವುದಿಲ್ಲ ಎಂದು ಬರೆದಿರುವುದರಿಂದ ಸೆಪ್ಟೆಂಬರಿನ ಮಹಾಸಭೆ ಮುಗಿದ ಮೇಲೆ ದೋಷ ಸರಿಪಡಿಸಿದ ಫರ್ಮ್‌ವೇರ್ (ರೌಟರಿನೊಳಗಿನ ಸಾಫ್ಟ್‌ವೇರ್) ಹಾಕಿದರೆ ಸಾಕೇ?

ಸಾಲದು. ಹಾಗೆಂದು ಇವತ್ತೇ ಕೆಲಸದ ಹೊತ್ತಿನಲ್ಲಿ ಫರ್ಮ್‌ವೇರ್ ಹಾಕಲೂ ಹೋಗಬೇಡಿ. ಇವತ್ತು ಆಗಬೇಕಾದ್ದು ಸಾಧನವನ್ನು ಬೀಳಿಸುವ ಕೆಟ್ಟ ಪ್ಯಾಕೆಟ್ (ನೆಟ್‌ವರ್ಕಿನಲ್ಲಿ ಓಡಾಡುವ ಡೇಟಾದ ತುಂಡು) ರೌಟರಿಗೆ ತಲುಪುವ ದಾರಿ ಮುಚ್ಚುವುದು. ಫರ್ಮ್‌ವೇರ್ ಬರುವ ಭಾನುವಾರಕ್ಕೆ ಇರಲಿ.

ಮೊದಲು ಆ 8.6ರ ಅರ್ಥ. ಆ ಪ್ಯಾಕೆಟ್ಟನ್ನು ಇಂಟರ್ನೆಟ್ಟಿನಿಂದಲೇ ಕಳಿಸಬಹುದು, ಲಾಗಿನ್ ಬೇಡ, ನಿಮ್ಮಲ್ಲಿ ಯಾರೂ ಏನನ್ನೂ ಒತ್ತಬೇಕಾಗಿಲ್ಲ, ಸೇವೆ ಪೂರ್ತಿ ನಿಲ್ಲುತ್ತದೆ. ಇಷ್ಟಕ್ಕೇ, ದೋಷದ ತೀವ್ರತೆಗೆ 10ರಲ್ಲಿ ಅಂಕ ಕೊಡುವ ಸಿವಿಎಸ್‌ಎಸ್ 3.1ರ ಲೆಕ್ಕದಲ್ಲಿ 7.5 ಬರುತ್ತದೆ. ಪೆಟ್ಟು ಆ ಸಾಧನವನ್ನು ದಾಟಿ ಹಿಂದಿರುವವರಿಗೂ ತಾಗುತ್ತದೆ ಎಂದಾದರೆ 8.6. ಹಿಂದಿರುವವರು ಎಂದರೆ ನಿಮ್ಮ 9 ಶಾಖೆಗಳು. 1928ರಲ್ಲಿ ಪಿಗ್ಮಿ ಠೇವಣಿ ಹುಟ್ಟಿದ್ದೇ ಉಡುಪಿಯಲ್ಲಿ. ಸಂಜೆ ಸಂಗ್ರಾಹಕರು ದಿನದ ಹಣ ಕಟ್ಟಲು ಬಂದು ಸಾಲಿನಲ್ಲಿ ನಿಂತಾಗ ಸರ್ವರ್ ಸಿಗದಿದ್ದರೆ ಜನರ ನಂಬಿಕೆಗೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇನ್ನೊಂದು, ಬರೀ ನಿಲ್ಲಿಸುವ ದೋಷ, ಒಳಗೆ ನುಗ್ಗುವ ದೋಷ ಎಂಬ ಗೆರೆ ತೀರ ತೆಳು. 2018ರಲ್ಲಿ ಸಿಸ್ಕೊ ಕಂಪನಿಯ ಸ್ಮಾರ್ಟ್ ಇನ್‌ಸ್ಟಾಲ್‌ನಲ್ಲಿ (ಹೊಸ ಸ್ವಿಚ್ಚನ್ನು ತಾನಾಗಿ ಹೊಂದಿಸುವ ಸೌಲಭ್ಯ) ಸಿಕ್ಕ ಸಿವಿಇ-2018-0171 (ಸಿವಿಇ ಎಂದರೆ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ) ಸ್ವಿಚ್ಚನ್ನು ಬೀಳಿಸಲೂ ಸಾಕಿತ್ತು, ಅದರಲ್ಲಿ ಬೇರೆಯವರ ಕೋಡ್ ಓಡಿಸಲೂ ಸಾಕಿತ್ತು.

ಎರಡು ಸಲ ರೀಸ್ಟಾರ್ಟ್ ಆದದ್ದು ದಾಳಿಯಿಂದಲೇ ಎಂದು ಮಾತ್ರ ಈಗಲೇ ತೀರ್ಮಾನಿಸಬೇಡಿ. ನಮ್ಮ ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು, ಯುಪಿಎಸ್ ಬ್ಯಾಟರಿ ಕೈಕೊಡುವುದು ದಿನವೂ ಉಂಟು. ಕಂಪನಿಯ ಹೆಸರು ನೀವು ಬರೆದಿಲ್ಲ, ಹಾಗಾಗಿ ಹೆಚ್ಚು ಕಾಣಸಿಗುವ ಎರಡಕ್ಕೆ ಹೇಳುತ್ತೇನೆ. ಸಿಸ್ಕೊ ಆದರೆ ‘ಶೋ ವರ್ಷನ್’ ಕೊಟ್ಟು ‘ಸಿಸ್ಟಮ್ ರಿಟರ್ನ್ಡ್ ಟು ರೋಮ್ ಬೈ’ ಎಂಬ ಸಾಲು ಹುಡುಕಿ. ಅಲ್ಲಿ ‘ಪವರ್-ಆನ್’ ಇದ್ದರೆ ಕರೆಂಟಿನ ಕಥೆ. ಕ್ರ್ಯಾಶ್ ಆಗಿದ್ದರೆ ಸಾಮಾನ್ಯವಾಗಿ ಫ್ಲ್ಯಾಶ್‌ನಲ್ಲಿ ಕ್ರ್ಯಾಶ್‌ಇನ್ಫೋ ಫೈಲ್ ಬಿದ್ದಿರುತ್ತದೆ. ಮೈಕ್ರೋಟಿಕ್ ಆದರೆ ಲಾಗ್‌ನಲ್ಲಿ (ಘಟನೆಗಳ ದಾಖಲೆ) ಹಿಂದಿನ ಬೂಟ್‌ನಲ್ಲಿ ಕರ್ನಲ್ ಫೇಲ್ಯೂರ್ ಎಂದು ಕಾಣಿಸುತ್ತದೆ, ಜೊತೆಗೆ ಆಟೋಸಪ್‌ಔಟ್ ಎಂಬ ಫೈಲ್. ಈ ಫೈಲುಗಳನ್ನು ಮೊದಲೇ ಪೆನ್‌ಡ್ರೈವಿಗೆ ತೆಗೆದಿಡಿ. ರೌಟರಿನ ಲಾಗ್ ಸಾಮಾನ್ಯವಾಗಿ ಮೆಮೊರಿಯಲ್ಲಿ ಮಾತ್ರ ಇರುತ್ತದೆ, ಮುಂದಿನ ರೀಸ್ಟಾರ್ಟಿಗೆ ಅಳಿದುಹೋಗುತ್ತದೆ. ಮೂಲೆಯಲ್ಲಿರುವ ಹಳೆ ಪಿಸಿಯೊಂದಕ್ಕೆ ಸಿಸ್‌ಲಾಗ್ (ರೌಟರಿನ ಲಾಗ್ ಸಾಲುಗಳು) ಕಳಿಸುವ ಹಾಗೆ ಇವತ್ತೇ ಮಾಡಿ, ಯುಡಿಪಿ 514 ಪೋರ್ಟ್ ಸಾಕು. ರೌಟರಿನ ಗಡಿಯಾರವನ್ನೂ ಎನ್‌ಟಿಪಿಗೆ (ನೆಟ್‌ವರ್ಕಿನಿಂದ ಸರಿಯಾದ ಸಮಯ ಪಡೆಯುವ ವ್ಯವಸ್ಥೆ) ಹೊಂದಿಸಿ, ಸಮಯ ತಪ್ಪಿದ ಲಾಗ್‌ನಿಂದ ಪ್ರಯೋಜನ ಇಲ್ಲ.

ಈಗ ಕಂಪನಿಯ ಅಡ್ವೈಸರಿಯನ್ನು (ದೋಷದ ವಿವರ ಇರುವ ಎಚ್ಚರಿಕೆ ಪುಟ) ತೆರೆದು ಮೂರು ವಿಷಯ ಹುಡುಕಿ. ದೋಷ ಯಾವ ಸೌಲಭ್ಯದಲ್ಲಿದೆ, ಅದು ನಿಮ್ಮಲ್ಲಿ ಆನ್ ಉಂಟೇ? ರೌಟರಿಗೇ ಬರುವ ಪ್ಯಾಕೆಟ್‌ನಿಂದ ಆಗುತ್ತದೆಯೇ, ರೌಟರನ್ನು ಹಾದುಹೋಗುವ ಪ್ಯಾಕೆಟ್‌ನಿಂದಲೂ ಆಗುತ್ತದೆಯೇ? ಒಂದೇ ಪ್ಯಾಕೆಟ್ಟಿಗೆ ಬೀಳುತ್ತದೆಯೇ, ಮೆಮೊರಿ ನಿಧಾನವಾಗಿ ತುಂಬಿ ಬೀಳುತ್ತದೆಯೇ? ನಿಧಾನಕ್ಕೆ ತುಂಬುವುದಾದರೆ ಪ್ರತಿ ರಾತ್ರಿ ರೀಸ್ಟಾರ್ಟ್ ಮಾಡಿ ಮೂರ್ನಾಲ್ಕು ದಿನ ತಳ್ಳಬಹುದು, ಪ್ಯಾಕೆಟ್ಟಿನ ವೇಗಕ್ಕೆ ಮಿತಿ ಹಾಕುವುದೂ ಸ್ವಲ್ಪ ಉಪಕಾರ. ಒಂದೇ ಪ್ಯಾಕೆಟ್ಟಿಗೆ ಬೀಳುವುದಾದರೆ ಎರಡೂ ವ್ಯರ್ಥ. ಎಷ್ಟೇ ಕಡಿಮೆ ಮಿತಿ ಇಟ್ಟರೂ ಆ ಒಂದು ಒಳಗೆ ಬಂದೇ ಬರುತ್ತದೆ. ಜೋಡಿ ರೌಟರ್ ಇಟ್ಟಿದ್ದೇವೆ ಎಂಬ ಧೈರ್ಯವೂ ಬೇಡ. ಎರಡರಲ್ಲೂ ಅದೇ ಫರ್ಮ್‌ವೇರ್ ಇದ್ದರೆ ಮೊದಲನೆಯದನ್ನು ಬೀಳಿಸಿದ ಪ್ಯಾಕೆಟ್ಟೇ ಎರಡನೆಯದನ್ನೂ ಬೀಳಿಸುತ್ತದೆ.

ದಾರಿ ಮುಚ್ಚುವಾಗ ಇಂಟರ್ನೆಟ್ ಕಡೆಯ ಪೋರ್ಟಿನಲ್ಲಿ ಇವುಗಳಿಗೆ ಪ್ರವೇಶ ಇರಬಾರದು (ಹೆಸರಿನ ಮುಂದಿರುವುದು ಪೋರ್ಟ್ ಸಂಖ್ಯೆ): ರೌಟರಿನ ವೆಬ್ ಪುಟ, ಟೆಲ್ನೆಟ್ 23, ಎಸ್‌ಎಸ್‌ಎಚ್ 22, ಸಾಧನದ ಸ್ಥಿತಿಯನ್ನು ದೂರದಿಂದ ನೋಡುವ ಎಸ್‌ಎನ್‌ಎಂಪಿಯ ಯುಡಿಪಿ 161, ಮೈಕ್ರೋಟಿಕ್ ನಿರ್ವಹಿಸುವ ವಿನ್‌ಬಾಕ್ಸ್ 8291, ಸ್ಮಾರ್ಟ್ ಇನ್‌ಸ್ಟಾಲ್ 4786 (ಸಿಸ್ಕೊದಲ್ಲಿ ‘ನೋ ವಿಸ್ಟ್ಯಾಕ್’ ಕೊಟ್ಟು ಅದನ್ನು ಪೂರ್ತಿ ನಿಲ್ಲಿಸುವುದೇ ಒಳ್ಳೆಯದು). ಶಾಖೆಗಳ ಮೋಡೆಮ್‌ಗಳಲ್ಲಿ 7547 (ಇಂಟರ್ನೆಟ್ ಕಂಪನಿ ಮೋಡೆಮ್ಮನ್ನು ದೂರದಿಂದ ನಿರ್ವಹಿಸುವ ಪೋರ್ಟ್) ತೆರೆದಿದೆಯೇ ನೋಡಿ. 2016ರ ನವೆಂಬರಿನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕಡಿದದ್ದು ಈ ಪೋರ್ಟಿಗೆ ಬಿದ್ದ ಪ್ಯಾಕೆಟ್‌ಗಳಿಂದ. 2017ರಲ್ಲಿ ನಮ್ಮ ದೇಶದಲ್ಲೂ ಬಿಎಸ್‌ಎನ್‌ಎಲ್ ಮೋಡೆಮ್‌ಗಳಿಗೆ ಮಾಲ್‌ವೇರ್ ತಗುಲಿ, ಮೊದಲಿನಿಂದ ಇದ್ದ ಪಾಸ್‌ವರ್ಡ್ ಬದಲಿಸಿ ಎಂದು ಗ್ರಾಹಕರಿಗೆ ಹೇಳಬೇಕಾಯಿತು.

ಎಸ್‌ಎನ್‌ಎಂಪಿ ಬಗ್ಗೆ ಸ್ವಲ್ಪ ನಿಲ್ಲಿ. 2025ರ ಸೆಪ್ಟೆಂಬರಿನ ಸಿಸ್ಕೊ ದೋಷ ಸಿವಿಇ-2025-20352ರಲ್ಲಿ ಓದುವ ಹಕ್ಕಿನ ಕಮ್ಯುನಿಟಿ ಸ್ಟ್ರಿಂಗ್ (ಎಸ್‌ಎನ್‌ಎಂಪಿಯ ಪಾಸ್‌ವರ್ಡಿನಂಥದ್ದು) ಗೊತ್ತಿದ್ದರೂ ಸಾಕು, ಸಾಧನ ಬಿದ್ದೀತು. ಎಷ್ಟೋ ಕಡೆ ಆ ಸ್ಟ್ರಿಂಗ್ ಇನ್ನೂ ‘ಪಬ್ಲಿಕ್’ ಎಂದೇ ಉಂಟು. ‘ನಮ್ಮ ಐಪಿಗೆ ಮಾತ್ರ ಬಿಟ್ಟಿದ್ದೇವೆ’ ಎಂದರೂ ಪೂರ್ತಿ ರಕ್ಷಣೆ ಅಲ್ಲ, ಯುಡಿಪಿಯಲ್ಲಿ ಕಳಿಸಿದವರ ವಿಳಾಸವನ್ನು ಸುಳ್ಳಾಗಿ ಬರೆಯಬಹುದು. ಹೊರಗಿನ ಪೋರ್ಟಿನಲ್ಲೇ ತಡೆಯಿರಿ, ಬಳಸದಿದ್ದರೆ ತೆಗೆದೇಬಿಡಿ.

ಐಪಿವಿ6 (ಇಂಟರ್ನೆಟ್ ವಿಳಾಸದ ಹೊಸ ಪದ್ಧತಿ, ಹಳೆಯದು ಐಪಿವಿ4) ಮರೆಯಬೇಡಿ. ಐಪಿವಿ4ಗೆ ನಿಯಮ ಬರೆದು ಕೈತೊಳೆದುಕೊಳ್ಳುವುದು ಬಹಳ ಸಾಮಾನ್ಯ ತಪ್ಪು. ಮೈಕ್ರೋಟಿಕ್‌ನ ಸಿವಿಇ-2018-19299 ಐಪಿವಿ6 ಪ್ಯಾಕೆಟ್‌ಗಳಿಂದ ಮೆಮೊರಿ ತುಂಬಿ ಬೀಳುವ ದೋಷವೇ ಆಗಿತ್ತು. ಅದೂ ರೌಟರನ್ನು ಹಾದುಹೋಗುವ ಪ್ಯಾಕೆಟ್‌ಗಳಿಂದ; ಅಂಥದ್ದಕ್ಕೆ ವಿನ್‌ಬಾಕ್ಸ್ ಮುಚ್ಚಿ ಏನೂ ಪ್ರಯೋಜನ ಇಲ್ಲ.

ನಿಜವಾದ ಕಷ್ಟ ಇರುವುದು ವಿಪಿಎನ್‌ನಲ್ಲಿ (ಇಂಟರ್ನೆಟ್ ಮೇಲೆ ಶಾಖೆಗಳನ್ನು ಜೋಡಿಸುವ ಗುಪ್ತ ದಾರಿ). ಶಾಖೆಗಳು ಐಪಿಸೆಕ್ ಎಂಬ ಬಗೆಯ ವಿಪಿಎನ್‌ನಲ್ಲಿ ಬರುತ್ತಿದ್ದರೆ ಯುಡಿಪಿ 500, 4500 ಮುಚ್ಚುವಂತಿಲ್ಲ. ದೋಷ ಅಲ್ಲಿಯೇ ಇದ್ದರೆ ಶಾಖೆಗಳ ಸ್ಥಿರ ಐಪಿಗಳಿಗೆ ಮಾತ್ರ ಬಿಡಿ. ಶಾಖೆಗಳಲ್ಲಿ ಐಪಿ ಬದಲಾಗುತ್ತಲೇ ಇರುವ ಬ್ರಾಡ್‌ಬ್ಯಾಂಡ್ ಇದ್ದರೆ ಆ ತಡೆ ಸಾಧ್ಯವಿಲ್ಲ. ಆ ಒಂದು ಸಂದರ್ಭದಲ್ಲಿ ಮಾತ್ರ ಭಾನುವಾರಕ್ಕೂ ಕಾಯದೆ, ಇವತ್ತು ರಾತ್ರಿಯೇ ಫರ್ಮ್‌ವೇರ್ ಹಾಕಿ.

ದೂರದಿಂದ ನಿಯಮ ಬರೆಯುವಾಗ ನಿಮ್ಮನ್ನೇ ನೀವು ಹೊರಗೆ ಹಾಕಿಕೊಳ್ಳುವ ಅಪಾಯ ಉಂಟು. ಸಿಸ್ಕೊದಲ್ಲಿ ಮೊದಲು ‘ರಿಲೋಡ್ ಇನ್ 10’ ಕೊಡಿ, ನಿಯಮ ಹಾಕಿ, ಸೇವ್ ಮಾಡಬೇಡಿ. ಸಂಪರ್ಕ ಕಡಿದರೆ 10 ನಿಮಿಷಕ್ಕೆ ಅದು ಹಳೆಯ ಕಾನ್ಫಿಗರೇಷನ್‌ನೊಂದಿಗೆ ತಾನೇ ಎದ್ದುಬರುತ್ತದೆ. ಸರಿಯಾದರೆ ‘ರಿಲೋಡ್ ಕ್ಯಾನ್ಸಲ್’, ಆಮೇಲೆ ಸೇವ್. ಮೈಕ್ರೋಟಿಕ್‌ನಲ್ಲಿ ಇದೇ ಕೆಲಸಕ್ಕೆ ಸೇಫ್ ಮೋಡ್.

ಭಾನುವಾರದ ಕೆಲಸಕ್ಕೆ ಶನಿವಾರವೇ ತಯಾರಿ ಬೇಕು. ಕಾನ್ಫಿಗರೇಷನ್‌ನ ಒಂದು ನಕಲು ರೌಟರಿನ ಹೊರಗೆ ಇರಲಿ. ಕನ್ಸೋಲ್ ಕೇಬಲನ್ನು (ಲ್ಯಾಪ್‌ಟಾಪಿನಿಂದ ರೌಟರಿಗೆ ನೇರ ಜೋಡಿಸುವುದು) ಹಾಕಿ ನೋಡಿ. ಸಿಸ್ಕೊಗೆ 9600, ಮೈಕ್ರೋಟಿಕ್‌ಗೆ 115200 ವೇಗ. ಫರ್ಮ್‌ವೇರ್ ಫೈಲಿನ ಹ್ಯಾಶ್ (ಫೈಲ್ ಕೆಟ್ಟಿಲ್ಲ ಎಂದು ತೋರಿಸುವ ಗುರುತಿನ ಸಂಕೇತ) ಕಂಪನಿಯ ಪುಟದಲ್ಲಿರುವುದಕ್ಕೆ ಸರಿಹೊಂದುತ್ತದೆಯೇ ಎಂದು ಎರಡು ಸಲ ನೋಡಿ, ಲ್ಯಾಪ್‌ಟಾಪಿನಲ್ಲಿ ಒಮ್ಮೆ, ರೌಟರಿಗೆ ಹಾಕಿದ ಮೇಲೆ ಒಮ್ಮೆ. ರೌಟರಿಗೆ ಫೈಲ್ ಕಳಿಸುವ ಹಳೆಯ ಟಿಎಫ್‌ಟಿಪಿ ಸಾಫ್ಟ್‌ವೇರ್ 32 ಎಂಬಿಗೆ ಬಂದು ನಿಲ್ಲುವುದುಂಟು: ಒಂದು ತುಂಡಿಗೆ 512 ಬೈಟ್, ತುಂಡುಗಳ ಎಣಿಕೆ 65,535ಕ್ಕೆ ಮುಗಿಯುತ್ತದೆ. ಫೈಲ್ ದೊಡ್ಡದಿದ್ದರೆ ಯುಎಸ್‌ಬಿ ಅಥವಾ ಎಸ್‌ಸಿಪಿ ಬಳಸಿ. ಹಳೆಯ ಇಮೇಜ್ ಅಳಿಸಬೇಡಿ. ಫ್ಲ್ಯಾಶ್‌ನಲ್ಲಿ ಜಾಗ ಇದ್ದರೆ ಬೂಟ್ ಸಾಲಿನಲ್ಲಿ ಹೊಸದು ಮೊದಲು, ಹಳೆಯದು ಎರಡನೆಯದು. ಮೈಕ್ರೋಟಿಕ್‌ನಲ್ಲಿ ರೌಟರ್‌ಓಎಸ್ ಹಾಕಿದ ಮೇಲೆ ರೌಟರ್‌ಬೋರ್ಡ್ ಫರ್ಮ್‌ವೇರನ್ನೂ ಏರಿಸಿ ಇನ್ನೊಮ್ಮೆ ರೀಬೂಟ್ ಮಾಡಬೇಕು, ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಫ್ಲ್ಯಾಶ್ ಬರೆಯುತ್ತಿರುವಾಗ ಕರೆಂಟು ಹೋದರೆ ರೌಟರ್ ಏಳದೇ ಹೋದೀತು. ಗುಡುಗು ಇರುವ ಹೊತ್ತಿನಲ್ಲಿ ಹಾಕಬೇಡಿ. ಯುಪಿಎಸ್‌ನ ಪ್ಲಗ್ ತೆಗೆದು, ನಿಮಗೆ ಬೇಕಾದಷ್ಟು ಹೊತ್ತು ಅದು ನಿಲ್ಲುತ್ತದೆಯೇ ಎಂದು ಶನಿವಾರವೇ ಪರೀಕ್ಷಿಸಿ.

ಶಾಖೆಗಳಲ್ಲಿ ಮೊದಲು ಉಡುಪಿಗೆ ಹತ್ತಿರದ ಒಂದು, ಆಮೇಲೆ ದೂರದವು. ಪ್ರತಿ ಶಾಖೆಯಲ್ಲಿ ಬೀಗದ ಕೈ ಇರುವ ಒಬ್ಬರು ಕೂತಿರಲಿ. ರೌಟರ್ ಏಳದಿದ್ದರೆ ಕಾರ್ಕಳಕ್ಕೆ ಮಳೆಯಲ್ಲಿ ಹೋಗಿ ಬಾಗಿಲು ಮುಚ್ಚಿರುವುದನ್ನು ನೋಡುವ ಹಾಗೆ ಆಗಬಾರದು. ಕಂಪನಿ ಫರ್ಮ್‌ವೇರ್ ಕೊಡುವುದನ್ನೇ ನಿಲ್ಲಿಸಿದ ಮಾದರಿಯಾದರೆ ಬದಲಿಸುವುದೊಂದೇ ದಾರಿ. ಮಹಾಸಭೆಯ ಲೆಕ್ಕಕ್ಕೆ ಆ ಖರ್ಚನ್ನು ಈಗಲೇ ಸೇರಿಸಿ.

ದೋಷ ಇದೆ ಎಂಬುದಕ್ಕಷ್ಟೇ ಯಾರಿಗೂ ವರದಿ ಬೇಕಿಲ್ಲ. ಆದರೆ ಕ್ರ್ಯಾಶ್ ಫೈಲಿನಲ್ಲಿ ದಾಳಿಯೆಂದು ಕಂಡರೆ, 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನದಂತೆ ಗಮನಕ್ಕೆ ಬಂದ 6 ಗಂಟೆಯೊಳಗೆ ಆ ಸಂಸ್ಥೆಗೆ ತಿಳಿಸಬೇಕು. ಲಾಗ್‌ಗಳನ್ನಂತೂ ದಾಳಿ ಆಗಲಿ ಬಿಡಲಿ 180 ದಿನ ಇಟ್ಟುಕೊಳ್ಳಬೇಕು. ಡಿನಯಲ್ ಆಫ್ ಸರ್ವಿಸ್ ದಾಳಿ ಆ ಪಟ್ಟಿಯಲ್ಲಿದೆ.

ಸೋಮವಾರದಿಂದ ಎರಡು ವಾರ ಬೆಳಿಗ್ಗೆ, ಸಂಜೆ ರೌಟರಿನ ಅಪ್‌ಟೈಮ್ ಮತ್ತು ಖಾಲಿ ಮೆಮೊರಿಯನ್ನು ಪುಸ್ತಕದಲ್ಲಿ ಬರೆದಿಡಿ. ಮತ್ತೆ ರೀಸ್ಟಾರ್ಟ್ ಆಗಿ ಹೊಸ ಕ್ರ್ಯಾಶ್ ಫೈಲ್ ಬಿದ್ದರೆ ಅದನ್ನು ಕಂಪನಿಗೆ ಕಳಿಸಿ, ಅದು ಬೇರೆಯೇ ದೋಷ ಇರಬಹುದು. ‘ಪವರ್-ಆನ್’ ಎಂದು ತೋರಿಸಿದರೆ ಅಡಾಪ್ಟರ್ ಬದಲಿಸಿ, ಯುಪಿಎಸ್‌ಗೆ ಹೊಸ ಬ್ಯಾಟರಿ ತರಿಸಿ.