ಪರೀಕ್ಷೆ ಆಯಿತು, ಮುಂದೆ?

(ಗುರುತು ಸಿಗದಂತೆ ಹೆಸರು, ಕಸುಬು, ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಶಿವಪ್ಪನವರಿಗೆ ನಲವತ್ತರ ಆಸುಪಾಸು. ಉತ್ತರ ಕರ್ನಾಟಕದ ಕಬ್ಬಿನ ಸೀಮೆಯವರು. ಹಂಗಾಮಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಾರೆ, ಉಳಿದ ದಿನಗಳಲ್ಲಿ ಎರಡೆಕರೆ ಹೊಲ ನೋಡಿಕೊಳ್ಳುತ್ತಾರೆ. ಅವರನ್ನು ತಾಲೂಕು ಆಸ್ಪತ್ರೆಗೆ ಕರೆತಂದವರು ಹೆಂಡತಿ. ಗಂಡ ಕೆಲವು ತಿಂಗಳಿಂದ ಬೇರೆ ತಟ್ಟೆಯಲ್ಲಿ ಉಣ್ಣುತ್ತಾರೆ, ಪಡಸಾಲೆಯಲ್ಲಿ ಒಬ್ಬರೇ ಮಲಗುತ್ತಾರೆ, ಮಗಳನ್ನು ಹತ್ತಿರ ಸೇರಿಸುವುದಿಲ್ಲ, ತಲೆಗೆ ಏನೋ ಆಗಿದೆ ಎಂಬುದು ಅವರ ದೂರು. ವೈದ್ಯರು ಒಬ್ಬರನ್ನೇ ಕೂರಿಸಿ ಮಾತನಾಡಿಸಿದ ಮೇಲೆ ಶಿವಪ್ಪನವರು ಎಚ್‌ಐವಿ ಪರೀಕ್ಷೆ, ಆಪ್ತಸಮಾಲೋಚನೆ ನಡೆಯುವ ಐಸಿಟಿಸಿ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾದ ನನ್ನ ಕೋಣೆಗೆ ಬಂದರು. ಕೈಚೀಲದಲ್ಲಿ ಒಂದು ಸ್ಟೀಲ್ ಲೋಟವಿತ್ತು. ತಳಕ್ಕೆ ಕೆಂಪು ಉಗುರು ಬಣ್ಣದ ಗುರುತು. ನಾನು ಕೊಟ್ಟ ನೀರನ್ನು ಆ ಲೋಟಕ್ಕೆ ಸುರಿದುಕೊಂಡೇ ಕುಡಿದರು.

ಎಂಟು ತಿಂಗಳ ಹಿಂದೆ ಅವರು ಕೆಲಸ ಮಾಡುವಲ್ಲಿ ಜಾಗೃತಿ ಶಿಬಿರ ನಡೆದಿತ್ತು. ಜಾಥಾ, ಬೀದಿ ನಾಟಕ, ಆಮೇಲೆ ಶಾಮಿಯಾನದ ಕೆಳಗೆ ಬಿ.ಪಿ., ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ, ಎಲ್ಲವೂ ಒಂದೇ ಸಾಲಿನಲ್ಲಿ. "ಸಕ್ಕರೆ ನೋಡುತ್ತಾರೆ ಎಂದು ಬೆರಳು ಕೊಟ್ಟೆ, ಮೇಡಂ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬರು ಬದಿಗೆ ಕರೆದು, ಎಚ್‌ಐವಿ ಪರೀಕ್ಷೆ ರಿಯಾಕ್ಟಿವ್ (ಸೋಂಕಿನ ಸುಳಿವು) ಬಂದಿದೆ, ತಾಲೂಕು ಆಸ್ಪತ್ರೆಗೆ ಹೋಗಿ ಎಂದು ಚೀಟಿ ಕೊಟ್ಟರಂತೆ. ಸಾಲಿನಲ್ಲಿ ತಮ್ಮೂರಿನವರೇ ನಿಂತಿದ್ದರು. ಚೀಟಿಯನ್ನು ದಾರಿಯಲ್ಲೇ ಹರಿದು ಹಾಕಿದರು. ಅವರು ಶಾಲೆಯಲ್ಲಿದ್ದಾಗ ಊರಿನ ಗೋಡೆಯೊಂದರ ಮೇಲೆ ತಲೆಬುರುಡೆಯ ಚಿತ್ರ ಬರೆದು ಏಡ್ಸ್ ಮಹಾಮಾರಿ ಎಂದು ಬರೆದಿದ್ದರಂತೆ. ಎಚ್‌ಐವಿ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅಷ್ಟೇ. ಬೀದಿ ನಾಟಕ ನೋಡಿದ್ದರು, ನಕ್ಕಿದ್ದರು. ಅದರಲ್ಲಿ ಔಷಧದ ಮಾತು ಬಂದಿತ್ತೇ ಎಂದು ಕೇಳಿದರೆ ನೆನಪಿಲ್ಲ ಎಂದರು.

ಮೊದಲು ಹೇಳಿದ್ದು ಲೋಟದ ವಿಷಯ. ತಟ್ಟೆ, ಲೋಟ, ಹಾಸಿಗೆ, ಸೊಳ್ಳೆ, ಮಗಳನ್ನು ಎತ್ತಿಕೊಳ್ಳುವುದು, ಯಾವುದರಿಂದಲೂ ಎಚ್‌ಐವಿ ಹರಡುವುದಿಲ್ಲ. ಎರಡನೆಯದಾಗಿ, ಶಿಬಿರದಲ್ಲಿ ಬೆರಳು ಚುಚ್ಚಿ ಮಾಡಿದ್ದು ಒಂದೇ ಪರೀಕ್ಷೆ. ಅದರ ಮೇಲೆ ಸೋಂಕು ಇದೆ ಎಂದು ತೀರ್ಮಾನಿಸುವಂತಿಲ್ಲ, ನಮ್ಮಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿದ ಮೇಲೆಯೇ ಪಾಸಿಟಿವ್ ಎನ್ನುತ್ತೇವೆ. ಮಾಡಿಸುವುದು ಬಿಡುವುದು ಅವರ ಇಷ್ಟ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ತಿಳಿಸಿ ಹೇಳಿ, ಒಪ್ಪಿಗೆ ಪಡೆದೇ ಪರೀಕ್ಷೆ ಮಾಡಬೇಕು ಎಂದೆ. ಬಹಳ ಹೊತ್ತು ಸುಮ್ಮನಿದ್ದು, ಮಾಡಿಸಿರಿ ಎಂದರು.

ಫಲಿತಾಂಶ ಪಾಸಿಟಿವ್. ಅಂದು ನಾನು ಹೆಚ್ಚು ಹೇಳಲಿಲ್ಲ. ಇಂಥ ಸುದ್ದಿ ಕೇಳಿದವರ ಕಿವಿಗೆ ಮೂರು ಮಾತಿಗಿಂತ ಹೆಚ್ಚು ಇಳಿಯುವುದಿಲ್ಲ. ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಗುಳಿಗೆ ಉಚಿತ, ದಿನಕ್ಕೊಂದು. ಬಿಡದೆ ತೆಗೆದುಕೊಂಡರೆ ಎಲ್ಲರಂತೆ ದುಡಿದು ಬದುಕಬಹುದು. ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ದಾಟುವುದಿಲ್ಲ, ಅಲ್ಲಿಯವರೆಗೆ ಕಾಂಡೋಮ್ ತಪ್ಪಿಸಬಾರದು. ಕೊನೆಯ ಮಾತು ಕೇಳಿ, "ಇದನ್ನು ಗೋಡೆ ಮೇಲೆ ಯಾಕೆ ಬರೆಯಲಿಲ್ಲ?" ಎಂದರು.

ಹೆಂಡತಿಗೆ ಹೇಳುವುದು ಕಷ್ಟದ ಭಾಗ. ಸಂಗಾತಿಗೆ ತಿಳಿಸಲು ಕೆಲವು ಷರತ್ತುಗಳ ಮೇಲೆ ಕಾಯ್ದೆ ನಮಗೆ ಅವಕಾಶ ಕೊಡುತ್ತದೆ. ಆದರೆ ನಾವು ಹೇಳುವುದಕ್ಕಿಂತ ಅವರೇ ಹೇಳುವುದು ಸಂಸಾರಕ್ಕೆ ಒಳ್ಳೆಯದು. ಏನು ಹೇಳಬೇಕು ಎಂಬುದನ್ನು ಇಬ್ಬರೂ ಕೂತು ಮಾತು ಮಾತಾಗಿ ಸಿದ್ಧಪಡಿಸಿದೆವು. ಮುಂದಿನ ವಾರ ನನ್ನ ಎದುರಿಗೇ ಹೇಳಿದರು. ಆಕೆ ಅತ್ತರು, ಬೈದರು, ಆಮೇಲೆ ತಮ್ಮ ರಕ್ತವನ್ನೂ ನೋಡಿ ಎಂದರು. ನೆಗೆಟಿವ್ ಬಂತು. ಮೂರು ತಿಂಗಳ ಬಳಿಕ ಮತ್ತೊಮ್ಮೆ ನೋಡಿದಾಗಲೂ ನೆಗೆಟಿವ್. ಆ ಎಂಟು ತಿಂಗಳು ಅವರನ್ನು ಕಾಪಾಡಿದ್ದು ಪಡಸಾಲೆಯೇ ಇರಬೇಕು. ಪ್ರಚಾರದ ಲೆಕ್ಕಕ್ಕೆ ಅದನ್ನು ಸೇರಿಸಲು ನನಗೆ ಮನಸ್ಸಿಲ್ಲ.

ಇದೆಲ್ಲ ಆದ ಮೇಲೆ ಆ ಶಿಬಿರದ ಆಯೋಜಕರು, ಹೊಸ ಪ್ರಚಾರಕ್ಕೆ ಮುಂಚೆ ಹಳೆಯದರ ಮೌಲ್ಯಮಾಪನ ಮಾಡಬೇಕೆಂದು ನನ್ನ ಅಭಿಪ್ರಾಯ ಕೇಳಿದರು. ಅವರ ವರದಿಯಲ್ಲಿ ಹಂಚಿದ ಕರಪತ್ರ, ಬರೆಸಿದ ಗೋಡೆ, ಆಡಿದ ನಾಟಕ, ಚುಚ್ಚಿದ ಬೆರಳು, ಎಲ್ಲದರ ಲೆಕ್ಕವಿತ್ತು. ಆ ಲೆಕ್ಕದ ಪ್ರಕಾರ ಶಿವಪ್ಪನವರು ಯಶಸ್ಸು. ನಾನು ಅವರ ಹೆಸರೆತ್ತಲಿಲ್ಲ, ಎತ್ತುವಂತೆಯೂ ಇಲ್ಲ. ಒಂದೇ ಪ್ರಶ್ನೆ ಕೇಳಿದೆ: ರಿಯಾಕ್ಟಿವ್ ಬಂದವರಲ್ಲಿ ಎಷ್ಟು ಜನ ಖಚಿತ ಪರೀಕ್ಷೆಗೆ ತಲುಪಿದರು, ಎಷ್ಟು ಜನ ಗುಳಿಗೆ ಶುರು ಮಾಡಿದರು, ಆರು ತಿಂಗಳ ಬಳಿಕ ಎಷ್ಟು ಜನ ವೈರಲ್ ಲೋಡ್ (ರಕ್ತದಲ್ಲಿನ ವೈರಾಣುವಿನ ಪ್ರಮಾಣ) ನೋಡಿಸಿಕೊಂಡರು? ಉತ್ತರಕ್ಕೆ ಕಾಗದವೇ ಇರಲಿಲ್ಲ.

ಜನ ಹೆದರಿದರೆ ಪರೀಕ್ಷೆಗೆ ಬರುತ್ತಾರೆ ಎಂಬ ನಂಬಿಕೆ ಹಳೆಯದು. 1987ರಲ್ಲಿ ಆಸ್ಟ್ರೇಲಿಯಾದಲ್ಲಿ ಕುಡುಗೋಲು ಹಿಡಿದ ಸಾವು ಬೌಲಿಂಗ್ ಆಡುತ್ತ ಹೆಂಗಸರು ಮಕ್ಕಳನ್ನು ಉರುಳಿಸುವ ಜಾಹೀರಾತು ಬಂತು. ಪರೀಕ್ಷೆಗೆ ಜನ ಮುಗಿಬಿದ್ದರು ನಿಜ, ಆದರೆ ಬಂದವರಲ್ಲಿ ಬಹುಪಾಲು ಅಪಾಯವೇ ಇಲ್ಲದವರು. ಸಾಲು ಉದ್ದವಾದಷ್ಟು ಪ್ರಚಾರ ಗೆದ್ದಿತು ಎನ್ನುವಂತಿಲ್ಲ. ಹೆಸರು ಕೇಳಿದ್ದಾರೆ ಎಂಬುದನ್ನು ತಿಳಿವಳಿಕೆ ಎಂದು ಎಣಿಸುವುದೂ ತಪ್ಪು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಎಚ್‌ಐವಿ ಬಗ್ಗೆ ಸಮಗ್ರ ಅರಿವು ಇದ್ದವರು ಹೆಂಗಸರಲ್ಲಿ ಸುಮಾರು 22, ಗಂಡಸರಲ್ಲಿ 31 ಪ್ರತಿಶತ ಮಾತ್ರ. ಆರೋಗ್ಯವಂತರಂತೆ ಕಾಣುವವರಿಗೂ ಸೋಂಕಿರಬಹುದು ಎಂಬಂಥ ಸರಳ ಸಂಗತಿಗಳೇ ಆ ಅಳತೆಯಲ್ಲಿವೆ.

ಹಾಗಾಗಿ ಆಯೋಜಕರಿಗೆ ಹೇಳಿದ್ದು: ನಾಟಕಕ್ಕೆ ಮುಂಚೆ ಹತ್ತಾರು ಜನರಿಗೆ, ಮುಗಿದ ಮೇಲೆ ಇನ್ನೊಂದಿಷ್ಟು ಜನರಿಗೆ ಅವೇ ಪ್ರಶ್ನೆ ಕೇಳಿ. ಲೋಟದಿಂದ ಬರುತ್ತದೆಯೇ, ಔಷಧ ಇದೆಯೇ, ಎಲ್ಲಿ ಸಿಗುತ್ತದೆ. ಎಚ್‌ಐವಿ ಪರೀಕ್ಷೆಗೆ ಪರದೆಯಿರುವ ಬೇರೆ ಜಾಗ ಮಾಡಿ. ರಿಯಾಕ್ಟಿವ್ ಬಂದವರ ಕೈಗೆ ಬರೀ ಚೀಟಿ ಕೊಡದೆ, ಅವರು ಒಪ್ಪಿದರೆ ಜೊತೆಗೆ ಲಿಂಕ್ ವರ್ಕರ್ (ಹಳ್ಳಿಯ ಜನರನ್ನು ಎಚ್‌ಐವಿ ಸೇವೆಗಳಿಗೆ ತಲುಪಿಸುವ ಕಾರ್ಯಕರ್ತರು) ಒಬ್ಬರನ್ನು ಕಳುಹಿಸಿ. 1097 ಎಚ್‌ಐವಿ ಸಹಾಯವಾಣಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ, ತಲೆಬುರುಡೆಗೆ ಸುಣ್ಣ ಬಳಿಯಿರಿ.

ಪರದೆಗೂ ಸುಣ್ಣಕ್ಕೂ ಕೂಡಲೇ ಒಪ್ಪಿದರು. ವರದಿಯ ನಮೂನೆಯಲ್ಲಿ "ಚಿಕಿತ್ಸೆಗೆ ತಲುಪಿದವರು" ಎಂಬ ಕಾಲಂ ಕೂಡ ಸೇರಿದೆ. ಅದನ್ನು ಯಾರು ತುಂಬಬೇಕು, ಓಡಾಟದ ಖರ್ಚು ಯಾವ ಬಾಬಿನಿಂದ ಕೊಡಬೇಕು ಎಂಬ ಚರ್ಚೆ ಇನ್ನೂ ನಡೆದಿದೆ.