ಓದುಗರ ಪ್ರಶ್ನೆ: ಸೈಕಲ್ ಸೀಟು ಚುಚ್ಚುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಾನು ವಿಜಯಪುರದಲ್ಲಿ ಹೈಸ್ಕೂಲ್ ಮಾಸ್ತರ, ವಯಸ್ಸು 44. ಶುಗರ್ ಬಾರ್ಡರಿನಲ್ಲಿದೆ ಎಂದು ಡಾಕ್ಟರು ಹೇಳಿದ ಮೇಲೆ ಗೇರ್ ಸೈಕಲ್ ತಗೊಂಡೆ. ದಿನಾ ಬೆಳಿಗ್ಗೆ ತೊರವಿ ತನಕ ಹೋಗಿ ಬರುತ್ತೇನೆ. ಹತ್ತು ದಿನ ಆಯಿತು, ಈಗ ಕುರ್ಚಿ ಮೇಲೆ ಕೂರುವುದೂ ಕಷ್ಟ, ತರಗತಿಯಲ್ಲಿ ಪೂರ್ತಿ ನಿಂತೇ ಪಾಠ ಮಾಡುತ್ತಿದ್ದೇನೆ. ಒಮ್ಮೊಮ್ಮೆ ಕೆಳಗೆ ಜೋಮು ಹಿಡಿದ ಹಾಗೂ ಆಗುತ್ತದೆ. ಅಂಗಡಿಯವರು ಸೀಟಿಗೆ ಜೆಲ್ ಕವರ್ ಹಾಕಿಸಿ ಅಂತಾರೆ. ಹಾಕಿಸಲೇ?

ಉತ್ತರ: ಸರ್, ಸದ್ಯಕ್ಕೆ ಬೇಡ. ಆ ದುಡ್ಡು ಜೇಬಿನಲ್ಲೇ ಇರಲಿ.

ನೀವು ಒಂದೇ ಉಸಿರಿನಲ್ಲಿ ಎರಡು ಬೇರೆ ಬೇರೆ ತೊಂದರೆ ಹೇಳಿದ್ದೀರಿ. ಮೊದಲನೆಯದು ಎಲುಬಿನ ನೋವು. ಬರೀ ಫರ್ಸಿ ಮೇಲೆ ಕೂತು ಅಂಗೈಯನ್ನು ಕೆಳಗೆ ಇಟ್ಟು ನೋಡಿ, ಎರಡೂ ಕಡೆ ಒಂದೊಂದು ಎಲುಬಿನ ಗುಬ್ಬಿ ಸಿಗುತ್ತದೆ. ಸೈಕಲ್ ಮೇಲೆ ನಿಮ್ಮ ಭಾರ ಹೊರಬೇಕಾದವು ಅವೇ. ಇಷ್ಟು ವರ್ಷ ಅವಕ್ಕೆ ಈ ಕೆಲಸ ಇರಲಿಲ್ಲ, ಈಗ ದಿಢೀರನೆ ಬಂದಿದೆ, ಅದಕ್ಕೆ ನೋಯುತ್ತವೆ. ಎರಡು ಮೂರು ವಾರ ದಿನ ಬಿಟ್ಟು ದಿನ ಓಡಿಸಿ, ಸಾಮಾನ್ಯವಾಗಿ ತಾನಾಗೇ ಇಳಿಯುತ್ತದೆ. ಹತ್ತು ದಿನ ಬಿಡುವೇ ಇಲ್ಲದೆ ಹೊಡೆದದ್ದೇ ಸ್ವಲ್ಪ ಜಾಸ್ತಿ ಆಯಿತು.

ಜೋಮು ಹಾಗಲ್ಲ. ಆ ಎರಡು ಎಲುಬಿನ ನಡುವೆ ಮೆತ್ತನೆಯ ಜಾಗ ಇದೆಯಲ್ಲ, ಅಲ್ಲಿ ನರ, ರಕ್ತನಾಳ ಹಾದು ಹೋಗುತ್ತವೆ. ಸೀಟು ಅದನ್ನು ಒತ್ತಿದರೆ ಜೋಮು ಬರುತ್ತದೆ. ಇದು ರೂಢಿಯಾದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಜೆಲ್ ಕವರ್ ಯಾಕೆ ಬೇಡ ಅಂದೆ ಅಂದರೆ, ತೀರಾ ಮೆತ್ತಗಿದ್ದರೆ ಎಲುಬು ಅದರೊಳಗೆ ಇಳಿಯುತ್ತದೆ, ನಡುವಿನ ಭಾಗ ಉಬ್ಬಿ ಸರಿಯಾಗಿ ಆ ಮೆತ್ತನೆ ಜಾಗವನ್ನೇ ಒತ್ತುತ್ತದೆ. ಅಂಗಡಿಯಲ್ಲಿ ಕೂತು ನೋಡುವಾಗ ಗಾದಿ ಮೇಲೆ ಕೂತ ಹಾಗಿರುತ್ತದೆ, ಅರ್ಧ ತಾಸು ಓಡಿಸಿದ ಮೇಲೆ ಗೊತ್ತಾಗುತ್ತದೆ. ನಾನೂ ಶುರುವಿನಲ್ಲಿ ದಪ್ಪನೆಯದೊಂದು ಹಾಕಿಸಿಕೊಂಡು ಕೊಲ್ಹಾರದ ಕೃಷ್ಣೆ ಸೇತುವೆ ತನಕ ಹೋಗಿದ್ದೆ. ಅದು ಆ ಕಡೆ ಈ ಕಡೆ ಜಾರಿ ಜಾರಿ ತೊಡೆ ಸಂದಿ ಕಿತ್ತುಹೋಯಿತು. ಚಹಾದಂಗಡಿಯವರು ‘ಯಾಕ್ರೀ, ಕುಂದ್ರಂಗಿಲ್ಲೇನು?’ ಅಂತ ಕೇಳಿದರು. ಏನಂತ ಹೇಳುವುದು!

ಹಾಗಾಗಿ ಮೊದಲು ಇರುವ ಸೀಟನ್ನೇ ಸರಿ ಮಾಡಿ. ಎತ್ತರದಿಂದ ಶುರು ಮಾಡಿ. ಓಡಿಸುವಾಗ ಹಾಕುವ ಬೂಟನ್ನೇ ಹಾಕಿಕೊಂಡು, ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಮೊಣಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮೊಣಕಾಲು ಸ್ವಲ್ಪ ಮಡಚಿರುತ್ತದೆ, ಅಷ್ಟೇ ಬೇಕಾದದ್ದು. ನಮ್ಮ ಕಡೆ ಬಹಳ ಜನ ಕೂತಲ್ಲೇ ಎರಡೂ ಕಾಲು ನೆಲಕ್ಕೆ ತಾಗಬೇಕು ಅಂತ ಸೀಟು ಕೆಳಗಿಡುತ್ತಾರೆ. ಆಗ ಕಾಲಿಗೆ ತುಳಿಯುವ ಬಲ ಸಿಗುವುದಿಲ್ಲ, ಇಡೀ ಮೈಭಾರ ಸೀಟಿನ ಮೇಲೆ ಬೀಳುತ್ತದೆ, ಮೊಣಕಾಲೂ ಹಿಡಿಯುತ್ತದೆ. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿದು ನಿಂತರಾಯಿತು. ಹಾಗಂತ ತೀರಾ ಏರಿಸಿದರೆ ತುಳಿದಾಗಲೆಲ್ಲ ಸೊಂಟ ಎಡಕ್ಕೂ ಬಲಕ್ಕೂ ಓಲಾಡಿ ಚರ್ಮ ಉಜ್ಜುತ್ತದೆ. ಸೀಟಿನ ಪೈಪಿನ ಮೇಲೆ ಒಂದು ಗೆರೆ ಇರುತ್ತದೆ, ಅದು ಹೊರಗೆ ಕಾಣುವಷ್ಟು ಮೇಲಕ್ಕೆ ಎಂದೂ ಎಳೆಯಬೇಡಿ.

ಆಮೇಲೆ ಓರೆ. ನಿಮ್ಮ ಜೋಮಿಗೆ ನನಗೆ ಅನುಮಾನ ಇರುವುದು ಇದರ ಮೇಲೆಯೇ. ಪರಿಚಯದ ಗವಂಡಿ ಹತ್ತಿರ ಮಟ್ಟ ನೋಡುವ ರಸಮಟ್ಟ ಇಸಕೊಂಡು ಬನ್ನಿ. ಸೈಕಲ್ಲನ್ನು ಸಮನೆಲದಲ್ಲಿ ನಿಲ್ಲಿಸಿ, ಸೀಟಿನ ಮೇಲೆ ಉದ್ದಕ್ಕೆ ಇಟ್ಟು ನೋಡಿ. ಸೀಟಿನ ಮುಂದಿನ ಮೂತಿ ಮೇಲಕ್ಕಿದ್ದರೆ ಜೋಮು ಬರದೆ ಇನ್ನೇನು ಬರುತ್ತದೆ? ಸಮ ಮಾಡಿ. ಆಮೇಲೂ ಒತ್ತಿದರೆ ಮೂತಿಯನ್ನು ಕೂದಲೆಳೆಯಷ್ಟು ಇಳಿಸಿ. ಜಾಸ್ತಿ ಇಳಿಸಿದರೆ ಮುಂದಕ್ಕೆ ಜಾರಿ ಜಾರಿ ಭಾರವೆಲ್ಲ ಅಂಗೈಗೆ ಬರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ಮೂರು ರೈಡ್ ಆದ ಮೇಲೆ ಇನ್ನೊಂದು. ಎಲ್ಲ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಗುಣ ಆಯಿತು ಅಂತ ಗೊತ್ತೇ ಆಗುವುದಿಲ್ಲ.

ಇಷ್ಟಾದ ಮೇಲೂ ಎಲುಬು ನೋಯುತ್ತಿದ್ದರೆ ಸೀಟಿನ ಅಗಲ ನೋಡೋಣ. ಟಿವಿ ಬಾಕ್ಸಿನ ಒಳಗೆ ಏಣು ಏಣಾಗಿರುವ ರಟ್ಟು ಬರುತ್ತದಲ್ಲ, ಅದರ ತುಂಡೊಂದನ್ನು ಗಟ್ಟಿ ಸ್ಟೂಲಿನ ಮೇಲೆ ಹಾಕಿ, ಸ್ವಲ್ಪ ಮುಂದೆ ಬಾಗಿ ಒತ್ತಿ ಕೂತು ಏಳಿ. ಎರಡು ತಗ್ಗು ಮೂಡಿರುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ಬಹಳ ಜನರಿಗೆ 10ರಿಂದ 14 ಸೆಂಟಿಮೀಟರ್ ಒಳಗೆ ಬರುತ್ತದೆ. ಸೀಟಿನ ಹಿಂಭಾಗ ಅದಕ್ಕಿಂತ ಸುಮಾರು 2 ಸೆಂಟಿಮೀಟರ್ ಅಗಲ ಇರಲಿ, ನೆಟ್ಟಗೆ ಕೂತು ಓಡಿಸುವವರಾದರೆ ಇನ್ನೂ ಸ್ವಲ್ಪ ಜಾಸ್ತಿ.

ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ರೇಸಿನ ಹುಡುಗರು ಬೆರಳಗಲದ ಗಟ್ಟಿ ಸೀಟಿನ ಮೇಲೆ ಹೇಗೆ ಕೂರುತ್ತಾರೆ ಅಂತ ನಿಮಗೂ ಅನಿಸಿರಬಹುದು. ಅವರು ಮುಂದೆ ಬಾಗಿ ಜೋರಾಗಿ ತುಳಿಯುತ್ತಾರೆ, ಭಾರ ಕೈಗೂ ಕಾಲಿಗೂ ಹಂಚಿಹೋಗುತ್ತದೆ. ನಾವು ಗುಮ್ಮಟ ನೋಡಿಕೊಂಡು ಮೆಲ್ಲಗೆ ಹೋಗುವವರು, ಅಕ್ಕಿ ಚೀಲದ ಹಾಗೆ ಪೂರ್ತಿ ಸೀಟಿನ ಮೇಲೆ ಕೂತಿರುತ್ತೇವೆ. ಅದಕ್ಕೇ ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಲ್ಲಿ, ಹಂಪ್ ಬಂದಾಗಲಂತೂ ಕೂತೇ ಹಾರಿಸಬೇಡಿ.

ಪ್ಯಾಡ್ ಇರುವ ಸೈಕಲ್ ಚಡ್ಡಿ ತಗೊಳ್ಳಿ, ಜೆಲ್ ಕವರ್‌ಗಿಂತ ಸಾವಿರ ಪಾಲು ವಾಸಿ. ಒಳಗೆ ಬೇರೆ ಚಡ್ಡಿ ಹಾಕಬಾರದು, ಅದರ ಹೊಲಿಗೆಯೇ ಉಜ್ಜುವುದು. ಹೊರಗೆ ಮುಜುಗರ ಅನಿಸಿದರೆ ಮೇಲೊಂದು ಸಡಿಲ ಬರ್ಮುಡಾ ಹಾಕಿ. ಪ್ರತಿ ಸಲ ಒಗೆದು, ಒಳಮೈ ಹೊರಗೆ ಮಾಡಿ ಒಣಹಾಕಿ. ನಮ್ಮ ಬಿಸಿಲಿಗೆ ಒಣಗದ್ದು ಯಾವುದಿದೆ!

ಒಂದು ಮಾತು ಮಾತ್ರ ಮರೆಯಬೇಡಿ. ಸೈಕಲ್ ಇಳಿದು ಬಹಳ ಹೊತ್ತಾದರೂ ಜೋಮು ಬಿಡದಿದ್ದರೆ, ಅಥವಾ ಸೀಟು ಸರಿ ಮಾಡಿದ ಮೇಲೂ ಮತ್ತೆ ಮತ್ತೆ ಬಂದರೆ, ಓಡಿಸುವುದು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಶುಗರ್ ವಿಷಯವನ್ನೂ ಹೇಳಿ.

ಪ್ರಶ್ನೆ: ಬಾಗಲಕೋಟೆ ನವನಗರದಿಂದ ಬರೆಯುತ್ತಿದ್ದೇನೆ, ವಯಸ್ಸು 26. ತಮ್ಮನ ಸೈಕಲ್ ಓಡಿಸುತ್ತೇನೆ. ಹಿಂದೆ ನೋವಿಲ್ಲ, ಮುಂಭಾಗ ಉರಿಯುತ್ತದೆ. ಅಂಗಡಿಯಲ್ಲಿ ಕೇಳಲು ಸಂಕೋಚ.

ಉತ್ತರ: ತಂಗಿ, ಇದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ, ತಮ್ಮನ ಸೀಟು ನಿಮಗೆ ಹೊಂದಿಲ್ಲ ಅಷ್ಟೇ. ಹೆಂಗಸರಿಗೆ ಕೂರುವ ಎಲುಬುಗಳ ನಡುವಿನ ಅಂತರ ಸಾಮಾನ್ಯವಾಗಿ ಜಾಸ್ತಿ. ಸೀಟು ಸಣ್ಣದಾದರೆ ಎಲುಬಿಗೆ ಆಸರೆ ಸಿಗದೆ ಭಾರ ಮುಂದಕ್ಕೆ ಬೀಳುತ್ತದೆ. ಮೇಲೆ ಹೇಳಿದ ರಟ್ಟಿನ ಅಳತೆ ಮನೆಯಲ್ಲೇ ಮಾಡಿಕೊಂಡು, ಅಂಗಡಿಯಲ್ಲಿ ಬರೀ ಅಗಲ ಹೇಳಿ, ‘ನಡುವೆ ಕಟ್ ಇರುವುದು, ಮೂತಿ ಗಿಡ್ಡ ಇರುವುದು’ ಅಂತ ಕೇಳಿ. ಬೇರೇನೂ ವಿವರಿಸಬೇಕಿಲ್ಲ. ಹ್ಯಾಂಡಲ್ ಹಿಡಿಯಲು ಕೈ ಚಾಚಬೇಕಾಗುತ್ತದೆಯೇ ಅದನ್ನೂ ನೋಡಿ. ಆಗುತ್ತಿದ್ದರೆ ಮುಂದೆ ಬಾಗಿ ಬಾಗಿಯೇ ಉರಿ ಬಂದಿರಬಹುದು, ಹ್ಯಾಂಡಲ್ ಸ್ವಲ್ಪ ಮೇಲೆ, ಹತ್ತಿರ ತರಿಸಿ. ಊತ ಅಥವಾ ಗಾಯ ಇದ್ದರೆ ಲೇಡಿ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಬೆಳಗಾವಿ ಮಳೆಯಲ್ಲಿ ನೆನೆದು ಓಡಿಸಿ ಸೀಟು ತಾಗುವ ಜಾಗದಲ್ಲಿ ಕುರು ಎದ್ದಿದೆ. ಭಾನುವಾರ ಗೆಳೆಯರೆಲ್ಲ ಸೈಕಲ್ ಮೇಲೆ ಕಿತ್ತೂರಿಗೆ ಹೊರಟಿದ್ದಾರೆ. ಹಿಸುಕಿಬಿಡಲೇ?

ಉತ್ತರ: ಬೇಡವೇ ಬೇಡ. ಹಿಸುಕಿದರೆ ಸೋಂಕು ಒಳಗೆ ಹರಡಬಹುದು. ಬಿಸಿನೀರಿನ ಬಟ್ಟೆಯಿಂದ ದಿನಕ್ಕೆ ಮೂರ್ನಾಲ್ಕು ಸಲ ಶಾಖ ಕೊಡಿ, ಪೂರ್ತಿ ವಾಸಿಯಾಗುವ ತನಕ ಸೈಕಲ್ ಮುಟ್ಟಬೇಡಿ. ಕೆಂಪು ಹರಡಿದರೆ, ಜ್ವರ ಬಂದರೆ ಆವತ್ತೇ ಡಾಕ್ಟರ ಹತ್ತಿರ ಹೋಗಿ. ಇನ್ನು ಮುಂದೆ ನೆನೆದು ಬಂದ ಕೂಡಲೇ ಚಡ್ಡಿ ಬಿಚ್ಚಿ ತೊಳೆದು ಒರೆಸಿಕೊಳ್ಳಿ, ಹಸಿ ಬಟ್ಟೆಯಲ್ಲೇ ಚಹಾ ಕುಡಿಯುತ್ತ ಹರಟೆಗೆ ಕೂರಬೇಡಿ. ಕಿತ್ತೂರಿಗೆ ಹೋಗಲೇಬೇಕು ಅಂದರೆ ಭಾನುವಾರ ಬಸ್ ಹತ್ತಿ, ಅವರಿಗಿಂತ ಮೊದಲೇ ಮುಟ್ಟಿ ನಾಷ್ಟಾಕ್ಕೆ ಹೇಳಿಡಿ.